25,432 ತೋಳುಗಳು: ಸಿಡುಬಿನ ಎದುರು ನಿಂತ ‘ದೊಡ್ಡ ಸ್ವಾಮಿ’ ಅಬ್ಬೆ ದುಬಾಯ್

ಮಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿ ನಮ್ಮ ಓದುಗರಿಗೆ ಹೊಸತಲ್ಲ. ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಕುಶಾಲನಗರ ದಾಟಿದರೆ ಕಾವೇರಿಯ ಆಚೆ ದಡದಲ್ಲಿ ಮೈಸೂರು ಜಿಲ್ಲೆ ಆರಂಭವಾಗುತ್ತದೆ. ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ಒಂದರ ಹಿಂದೊಂದು ಬರುತ್ತವೆ. ಎಡಕ್ಕೆ ತಿರುಗಿದರೆ ಕೆ.ಆರ್. ನಗರ, ಬಲಕ್ಕೆ ತಿರುಗಿದರೆ ಎಚ್.ಡಿ. ಕೋಟೆ. ಮಳೆಗಾಲದಲ್ಲಿ ದಾರಿಯ ಎರಡೂ ಬದಿ ತಂಬಾಕಿನ ಹಸಿರು, ಹೊಲದಂಚಿನಲ್ಲಿ ಎಲೆ ಹದ ಮಾಡುವ ಎತ್ತರದ ಬ್ಯಾರನ್‌ಗಳು. ಮಗಳನ್ನು ಮೈಸೂರಿನ ಕಾಲೇಜಿಗೆ ಬಿಡಲು ಹೋಗುವ ತಂದೆತಾಯಿ, ದಸರಾ ನೋಡಲು ಹೋಗುವ ಯುವಜನರು ಎಲ್ಲರೂ ಈ ಊರುಗಳನ್ನು ಕಿಟಕಿಯಿಂದ ನೋಡಿಯೇ ನೋಡಿರುತ್ತಾರೆ.

ಇನ್ನೂರು ವರ್ಷಗಳ ಹಿಂದೆ ಈ ಸೀಮೆಯ ಸ್ಥಿತಿ ಬೇರೆಯೇ ಆಗಿತ್ತು. ಯುದ್ಧಗಳು ಮುಗಿದು ಹೊಲಗಳು ಪಾಳು ಬಿದ್ದಿದ್ದವು. ಕಾಡಂಚಿನ ಹಳ್ಳಿಗಳಲ್ಲಿ ಮಲೇರಿಯಾ ಜ್ವರ. ಅದಕ್ಕಿಂತಲೂ ಜನ ಹೆದರುತ್ತಿದ್ದುದು ಸಿಡುಬಿಗೆ. ಆ ದಿನಗಳಲ್ಲಿ ಮೈಸೂರು ಸೀಮೆಯಲ್ಲಿ ಒಬ್ಬ ಫ್ರೆಂಚ್ ಧರ್ಮಗುರು ಸಿಡುಬಿನ ಲಸಿಕೆ ಹಾಕುವ ಕೆಲಸವನ್ನು ಕೈಗೆತ್ತಿಕೊಂಡರು. 1803–04ರ ಅವಧಿಯಲ್ಲಿ ಅವರ ಪ್ರಯತ್ನದಿಂದ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲಾಗಿದೆ. ಅವರೇ ವಂದನೀಯ ಜ್ಯಾಂ ಆಂತ್ವಾನ್ ದುಬಾಯ್. ಚರಿತ್ರೆಯಲ್ಲಿ ಅವರು ಅಬ್ಬೆ ದುಬಾಯ್ ಎಂದೇ ಪ್ರಸಿದ್ಧರು. ಕನ್ನಡದ ಜನ ಪ್ರೀತಿಯಿಂದ ಕರೆದದ್ದು ‘ದೊಡ್ಡ ಸ್ವಾಮಿ’ ಎಂದು.

ಫೆಬ್ರವರಿ 17 ಅವರು ನಿಧನರಾದ ದಿನ. ಅವರನ್ನು ಬಲ್ಲವರು ಸಾಮಾನ್ಯವಾಗಿ ಅವರ ಗ್ರಂಥದ ಮೂಲಕ ಬಲ್ಲರು. ನಾವು ಈ ಲೇಖನದಲ್ಲಿ ಅವರ ಬದುಕನ್ನು ಆ 25,432 ಜನರ ಕಡೆಯಿಂದ ನೋಡಲು ಬಯಸುತ್ತೇವೆ.

ಕ್ರಾಂತಿಯ ನಾಡಿನಿಂದ ಕಾವೇರಿ ತೀರಕ್ಕೆ

ದುಬಾಯ್ ಹುಟ್ಟಿದ್ದು 1765ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರದೇಶದ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. ‘ಅಬ್ಬೆ’ ಎಂಬುದು ಫ್ರೆಂಚರು ಧರ್ಮಗುರುಗಳಿಗೆ ಕೊಡುವ ಗೌರವದ ಸಂಬೋಧನೆ. ಕನ್ನಡದಲ್ಲಿ ಅದೇ ಪದಕ್ಕೆ ತಾಯಿ ಎಂಬ ಅರ್ಥವಿರುವುದು ಕಾಕತಾಳೀಯವಾದರೂ ನಮಗೆ ಹಿತವೆನಿಸುತ್ತದೆ.

1792ರಲ್ಲಿ ವಿವಿಯೆ ಧರ್ಮಪ್ರಾಂತ್ಯದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಫ್ರಾನ್ಸಿನಲ್ಲಿ ಅದು ಮಹಾಕ್ರಾಂತಿಯ ಕಾಲ. ಹೊಸ ಸರಕಾರದ ಪ್ರಮಾಣವಚನವನ್ನು ಒಪ್ಪದ ಗುರುಗಳು ಸೆರೆಮನೆ ಸೇರುತ್ತಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ನಡೆದ ಹತ್ಯಾಕಾಂಡದಲ್ಲಿ ಅನೇಕ ಗುರುಗಳು ಪ್ರಾಣ ತೆತ್ತರು. ದುಬಾಯ್ ಅದಕ್ಕೆ ಮೊದಲೇ, ಜೂನ್ 19ರಂದು, ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಸದಸ್ಯರಾಗಿ ಭಾರತಕ್ಕೆ ಹೊರಟಿದ್ದರು. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ದಕ್ಷಿಣ ಭಾರತದಲ್ಲಿ ಯೇಸುಸಭೆಯ ಫ್ರೆಂಚ್ ಗುರುಗಳು ನಡೆಸುತ್ತಿದ್ದ ಮಿಷನ್ ಈ ಸಂಸ್ಥೆಯ ಪಾಲಿಗೆ ಬಂದಿತ್ತು. ಕೆಲಸ ಅಪಾರ, ಗುರುಗಳು ಬೆರಳೆಣಿಕೆಯಷ್ಟು.

ಪಾಂಡಿಚೇರಿ ಮಿಷನ್ನಿಗೆ ಸೇರಿದ ದುಬಾಯ್ ಮೊದಲ ಕೆಲವು ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು. ಜನರೊಡನೆ ಬೆರೆಯದೆ ಅವರ ಸೇವೆ ಸಾಧ್ಯವಿಲ್ಲವೆಂದು ಅವರಿಗೆ ಬೇಗನೆ ಮನವರಿಕೆಯಾಯಿತು. ಯುರೋಪಿಯನ್ನರ ಸಹವಾಸದಿಂದ ದೂರ ಉಳಿದರು. ಈ ನಾಡಿನವರಂತೆ ಉಡುಪು ಧರಿಸಿ ಮುಂಡಾಸು ಸುತ್ತಿದರು, ಊಟ ಉಪಚಾರಗಳಲ್ಲಿ ಇಲ್ಲಿನ ಪದ್ಧತಿಯನ್ನೇ ಹಿಡಿದರು, ಇಲ್ಲಿನ ಭಾಷೆಗಳನ್ನು ಕಲಿತರು. ಹಳ್ಳಿಯ ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡಬಲ್ಲ ಬಿಳಿಯ ಗುರು ಆಗ ಅಪರೂಪ. ಮುಂದೆ ಲಸಿಕೆಯ ಕೆಲಸಕ್ಕೆ ಈ ಸಲುಗೆಯೇ ಅವರ ದೊಡ್ಡ ಬಂಡವಾಳವಾಯಿತು ಎಂದು ನಾವು ನಂಬುತ್ತೇವೆ.

ಸೆರೆಯಿಂದ ಉಳಿದವರ ನಡುವೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು, ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದನು. ಕರಾವಳಿಯ ಕಥೋಲಿಕರಿಗೆ ಈ ಊರಿನ ಹೆಸರು ಬೇರೊಂದು ಕಾರಣಕ್ಕೆ ನೆನಪಿನಲ್ಲಿದೆ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲೆ ನಡೆಸಿಕೊಂಡು ಹೋದದ್ದು ಅಲ್ಲಿಗೇ. ಎಷ್ಟು ಮಂದಿ ಹೋದರು ಎಂಬ ಬಗ್ಗೆ ಚರಿತ್ರೆಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ದಾರಿಯಲ್ಲಿ ಮತ್ತು ಸೆರೆಯಲ್ಲಿ ಬಹಳ ಮಂದಿ ಸತ್ತರು, ಉಳಿದವರಲ್ಲಿ ಅನೇಕರು 1799ರ ನಂತರ ಊರಿಗೆ ಮರಳಿದರು ಎಂಬುದು ಮಾತ್ರ ಎಲ್ಲರೂ ಒಪ್ಪುವ ಮಾತು. ನಮ್ಮ ಹಲವು ಮನೆತನಗಳ ಹಿರಿಯರ ಕಥೆ ಇಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಊರಿಗೆ ಮರಳದೆ ಮೈಸೂರು ಸೀಮೆಯಲ್ಲೇ ಉಳಿದವರೂ ಇದ್ದರು. ಕೆಲವರಿಗೆ ಮರಳಲು ಮನೆಯಿರಲಿಲ್ಲ, ಕೆಲವರಿಗೆ ಧೈರ್ಯವಿರಲಿಲ್ಲ. ಚದುರಿಹೋದ ಈ ಸಮುದಾಯವನ್ನು ಮತ್ತೆ ಕಟ್ಟಲು ಒಬ್ಬ ಗುರು ಬೇಕಾಗಿತ್ತು. ಆಗ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಳ್ಳುತ್ತಿದ್ದವರು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದವರು. ಅವರ ಆಹ್ವಾನದಂತೆ ದುಬಾಯ್ ಅಲ್ಲಿಗೆ ಬಂದರು. ಬ್ರಿಟನ್ ಮತ್ತು ಫ್ರಾನ್ಸ್ ಪರಸ್ಪರ ಯುದ್ಧದಲ್ಲಿದ್ದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಫ್ರೆಂಚ್ ಗುರುವನ್ನು ಕರೆಸಿಕೊಂಡದ್ದು ಸಣ್ಣ ಮಾತಲ್ಲ.

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರು 1800ರಲ್ಲಿ ಕಟ್ಟಿಸಿದ ಸರಳವಾದ ದೇವಾಲಯ ಇಂದಿಗೂ ಅವರ ಹೆಸರಿನಲ್ಲೇ ಗುರುತಿಸಲ್ಪಡುತ್ತದೆ. ದೇವಾಲಯ ಕಟ್ಟಿದರೆ ಜನರ ಹೊಟ್ಟೆ ತುಂಬುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಆದ್ದರಿಂದ ದಿಕ್ಕಿಲ್ಲದ ಕುಟುಂಬಗಳನ್ನು ಸೇರಿಸಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸಾತಳ್ಳಿ ಅವುಗಳಲ್ಲಿ ಹೆಸರಾದದ್ದು. ಅಲ್ಲಿನ ಸುತ್ತಮುತ್ತಲ ಹಳ್ಳಿಗಳ ಕಥೋಲಿಕ ರೈತ ಸಮುದಾಯ ತಮ್ಮ ಮೂಲವನ್ನು ದೊಡ್ಡ ಸ್ವಾಮಿಯವರಲ್ಲಿಯೇ ಗುರುತಿಸಿಕೊಳ್ಳುತ್ತದೆ.

ಅಮ್ಮ ಬಂದ ಮನೆ

ಸಿಡುಬನ್ನು ಕಂಡವರು ಇಂದು ನಮ್ಮ ನಡುವೆ ಕಡಿಮೆ. ಆದರೆ ನಿಮ್ಮ ಮನೆಯ ಅಜ್ಜಿಯ ತೋಳನ್ನು ನೋಡಿ. ರೂಪಾಯಿ ನಾಣ್ಯದಂಥ ದುಂಡನೆಯ ಕಲೆ ಕಾಣಿಸಬಹುದು. ಅದು ದಾಕು ಹಾಕಿಸಿಕೊಂಡ ಗುರುತು. ಆ ಕಲೆಯಿದ್ದವರು ಬದುಕುತ್ತಾರೆ ಎಂಬ ನಂಬಿಕೆ ಊರಿಗೆ ಬರಲು ಒಂದೂವರೆ ಶತಮಾನ ಬೇಕಾಯಿತು.

ಸಿಡುಬು ತಗುಲಿದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಬದುಕಿದವರ ಮುಖದ ತುಂಬ ಕಲೆ. ಹಲವರ ಕಣ್ಣು ಹೋಗುತ್ತಿತ್ತು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಇದನ್ನು ರೋಗವೆಂದು ಕರೆಯುತ್ತಿರಲಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಒಗ್ಗರಣೆಯ ವಾಸನೆ ಏಳಬಾರದು, ಹೊರಗಿನವರು ಒಳಗೆ ಬರಬಾರದು. ಇಂದಿನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ರೋಗಿಯನ್ನು ಬೇರೆಯಿಡುವ ಒಂದು ಜಾಣ್ಮೆಯೂ ಇತ್ತು. ನಮ್ಮ ಕ್ರೈಸ್ತ ಮನೆಗಳವರು ಸಾಂಕ್ರಾಮಿಕದ ಕಾಲದಲ್ಲಿ ಸಂತ ಸೆಬಾಸ್ಟಿಯನ್ನರ ಮೊರೆ ಹೋಗುತ್ತಿದ್ದರು. ಹೆದರಿಕೆ ಎಲ್ಲರಿಗೂ ಒಂದೇ ಆಗಿತ್ತು.

ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹೊಸ ದಾರಿಯೊಂದನ್ನು ತೋರಿಸಿದ್ದರು. ದನದ ಕೆಚ್ಚಲಿನ ಸೌಮ್ಯವಾದ ಸಿಡುಬು ತಗುಲಿದ ಹಾಲು ಕರೆಯುವ ಹೆಂಗಸರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬುದು ಹಳ್ಳಿಯವರ ತಿಳಿವಳಿಕೆ. ಜೆನ್ನರ್ ಅದನ್ನು ಪರೀಕ್ಷಿಸಿ, ಒಂದೊಂದು ಪ್ರಕರಣವನ್ನೂ ಬರೆದಿಟ್ಟು, 1798ರಲ್ಲಿ ಪ್ರಕಟಿಸಿದರು. ನಾಲ್ಕೇ ವರ್ಷಗಳಲ್ಲಿ ಆ ಲಸಿಕೆ ಭಾರತಕ್ಕೆ ಬಂತು.

ತೋಳಿನಿಂದ ತೋಳಿಗೆ

ಬಂದ ಬಗೆಯೇ ಒಂದು ಸಾಹಸ. ಆಗ ಮಂಜುಗಡ್ಡೆಯ ಪೆಟ್ಟಿಗೆಗಳಿರಲಿಲ್ಲ. ಲಸಿಕೆಯ ರಸವನ್ನು ದಾರಕ್ಕೆ ಅದ್ದಿ ಒಣಗಿಸಿ ಗಾಜಿನ ನಡುವೆ ಇಟ್ಟು ಕಳುಹಿಸಿದರೆ ಬಿಸಿಲಿಗೆ ಅದು ಸತ್ತೇ ಹೋಗುತ್ತಿತ್ತು. ವಿಯೆನ್ನಾದಿಂದ ಹೊರಟ ಲಸಿಕೆ ಬಾಗ್ದಾದ್ ಮುಟ್ಟಿ, ಅಲ್ಲಿಂದ ಬಸ್ರಾಕ್ಕೆ ಹೋಗಿ, ಹಡಗಿನಲ್ಲಿ ಮುಂಬೈಗೆ ಬಂತು. ದಾರಿಯುದ್ದಕ್ಕೂ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಅದನ್ನು ದಾಟಿಸಬೇಕಾಯಿತು. 1802ರ ಜೂನ್ 14ರಂದು ಮುಂಬೈಯಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಲಸಿಕೆ ಫಲಿಸಿತು. ಆ ಒಂದು ಮಗುವಿನ ತೋಳಿನಿಂದ ಭಾರತದ ಲಸಿಕೆಯ ಸರಪಳಿ ಆರಂಭವಾಯಿತು.

ಈ ಸರಪಳಿಯ ನಿಯಮಗಳು ಕಠಿಣ. ಇಂದು ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಸುಮಾರು ಎಂಟನೇ ದಿನಕ್ಕೆ ಗುಳ್ಳೆ ಹಣ್ಣಾಗುತ್ತದೆ. ಆ ದಿನ ಮಗು ಮತ್ತೆ ಬರಬೇಕು. ಗುಳ್ಳೆ ಸರಿಯಾಗಿ ಎದ್ದಿದೆಯೇ ಎಂದು ನೋಡಬೇಕು. ಅದರ ರಸವನ್ನು ತೆಗೆದು ಇತರ ಕೆಲವರಿಗೆ ಹಾಕಬೇಕು. ಅವರೂ ಎಂಟನೇ ದಿನಕ್ಕೆ ಬರಬೇಕು. ಒಂದು ವಾರ ಯಾರೂ ಬಾರದಿದ್ದರೆ ಸರಪಳಿ ಕಡಿಯಿತು, ಮತ್ತೆ ದೂರದೂರಿನಿಂದ ಲಸಿಕೆ ತರಿಸಬೇಕು. ಆದ್ದರಿಂದ ಯಾವ ದಿನ, ಯಾವ ಊರಿನ, ಯಾರ ಮಗುವಿಗೆ ಲಸಿಕೆ ಹಾಕಿದೆ ಎಂಬ ಲೆಕ್ಕ ಇಲ್ಲದೆ ಈ ಕೆಲಸ ನಡೆಯುವಂತಿರಲಿಲ್ಲ.

ಇದರ ಮೇಲೆ ಜನರ ಮನಸ್ಸಿನ ಅಡ್ಡಿಗಳು. ಬೇರೆ ಜಾತಿಯ ಮಗುವಿನ ತೋಳಿನ ರಸ ನಮ್ಮ ಮಗುವಿನ ಮೈಗೆ ಬೇಡ ಎನ್ನುವವರು ಇದ್ದರು. ಅಮ್ಮನಿಗೆ ಕೋಪ ಬಂದೀತು ಎಂದು ಹೆದರುವವರು ಇದ್ದರು. ಸರಕಾರದವರು ಮಕ್ಕಳಿಗೆ ಗುರುತು ಹಾಕುತ್ತಿದ್ದಾರೆ ಎಂಬ ಗುಮಾನಿ ಪಡುವವರೂ ಇದ್ದರು. ಚೆನ್ನಾಗಿ ಆಡಿಕೊಂಡಿರುವ ಮಗುವಿನ ತೋಳನ್ನು ಗೀರಿ, ಎರಡು ದಿನ ಜ್ವರ ಬರಿಸುವುದಕ್ಕೆ ತಾಯಿಯೊಬ್ಬಳು ಒಪ್ಪಬೇಕಾದರೆ ಎದುರಿಗಿರುವವರ ಮೇಲೆ ಆಕೆಗೆ ಪೂರ್ತಿ ನಂಬಿಕೆ ಇರಬೇಕು. ಕೋವಿಡ್ ಲಸಿಕೆಯ ದಿನಗಳಲ್ಲಿ, 2021ರಲ್ಲಿ, ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರಿಗೆ ಮತ್ತು ನಮ್ಮ ಧರ್ಮಕೇಂದ್ರಗಳ ಸ್ವಯಂಸೇವಕರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಒಂದು ಸಂಖ್ಯೆಯ ಹಿಂದೆ

ಈಗ 25,432ಕ್ಕೆ ಮರಳೋಣ. ಎರಡು ಪೂರ್ತಿ ವರ್ಷಗಳೆಂದೇ ಹಿಡಿದರೂ ದಿನಕ್ಕೆ ಸರಾಸರಿ 35 ಜನ. ಮಳೆಗಾಲವಿತ್ತು, ಸುಗ್ಗಿಯ ಕಾಲವಿತ್ತು, ಹಬ್ಬಗಳಿದ್ದವು, ಎತ್ತಿನ ಗಾಡಿಯೂ ಹೋಗದ ದಾರಿಗಳಿದ್ದವು. ದೇವಾಲಯದ ಕೆಲಸ, ಪಾಪನಿವೇದನೆ, ರೋಗಿಗಳ ಭೇಟಿ ಎಲ್ಲವೂ ಇದ್ದವು. ಇಷ್ಟರ ನಡುವೆ ಈ ಲೆಕ್ಕ.

ಆ ಸಂಖ್ಯೆ ‘ಇಪ್ಪತ್ತೈದು ಸಾವಿರಕ್ಕೂ ಹೆಚ್ಚು’ ಎಂದು ಉಳಿಯದೆ 25,432 ಎಂದು ಉಳಿದಿರುವುದು ನಮ್ಮನ್ನು ಬಹಳ ತಟ್ಟುತ್ತದೆ. ಕೊನೆಯ ಆ ಮೂವತ್ತೆರಡು ಮಂದಿಯನ್ನು ಯಾರೋ ಒಬ್ಬೊಬ್ಬರಾಗಿ ಎಣಿಸಿದ್ದಾರೆ. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕಗಳನ್ನು ಬರೆದಿಡುವ ಗುರುವಿಗೆ ಈ ಅಭ್ಯಾಸ ಸಹಜವಾಗಿ ಬಂದಿರಬೇಕು. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ನಮಗೆಲ್ಲ ಗೊತ್ತು. ಎಣಿಸಿದ್ದರಿಂದಲೇ ತಾನೆ ಒಂದು ಕಡಿಮೆ ಎಂದು ಅವನಿಗೆ ತಿಳಿದದ್ದು.

ರೋಗವನ್ನು ಜನಸಮುದಾಯದಲ್ಲಿ ಎಣಿಸಿ, ಅದರ ದಾರಿ ಹುಡುಕಿ, ತಡೆಯುವ ವಿದ್ಯೆಯನ್ನು ಇಂದು ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುತ್ತೇವೆ. ದುಬಾಯ್ ಕಾಲದಲ್ಲಿ ಅದು ಪ್ರತ್ಯೇಕ ವೃತ್ತಿಯಾಗಿರಲಿಲ್ಲ. ಲಂಡನ್ನಿನಲ್ಲಿ ಇದಕ್ಕಾಗಿ ಒಂದು ಸಂಘ ಹುಟ್ಟಿದ್ದು 1850ರಲ್ಲಿ. ಕಾಲರಾ ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ ಡಾ. ಜಾನ್ ಸ್ನೋ ರೋಗದ ಮೂಲ ಬೀದಿಯ ನೀರಿನ ಪಂಪು ಎಂದು ತೋರಿಸಿದ್ದು 1854ರಲ್ಲಿ. ಆದರೆ ಈ ವಿದ್ಯೆಯ ಬೇರು ಇನ್ನೂ ಹಳೆಯದು, ಅದು ಚರ್ಚಿನ ದಾಖಲೆಯ ಕೋಣೆಯಲ್ಲೇ ಇದೆ. 1662ರಲ್ಲಿ ಜಾನ್ ಗ್ರಾಂಟ್ ಎಂಬ ಲಂಡನ್ನಿನ ವ್ಯಾಪಾರಿ ಅಲ್ಲಿನ ಚರ್ಚುಗಳ ಗುಮಾಸ್ತರು ಬರೆದಿಟ್ಟ ಸಾವಿನ ಪಟ್ಟಿಗಳನ್ನು ಕೂಡಿಸಿ, ಯಾವ ರೋಗದಿಂದ ಎಷ್ಟು ಜನ ಸಾಯುತ್ತಾರೆ ಎಂದು ಮೊದಲ ಬಾರಿಗೆ ಲೆಕ್ಕ ಹಾಕಿದರು. ನಮ್ಮ ಧರ್ಮಕೇಂದ್ರಗಳ ಹಳೆಯ ಮರಣದ ಪುಸ್ತಕಗಳನ್ನು ಗೆದ್ದಲಿಗೆ ಬಿಟ್ಟುಕೊಡಬಾರದು ಎಂದು ನಾವು ಮತ್ತೆ ಮತ್ತೆ ಕೇಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮೈಸೂರಿನ ಅರಮನೆಯೂ ಲಸಿಕೆಗೆ ಬೆಂಬಲ ಕೊಟ್ಟಿತು. ಬಾಲಕ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಪಡೆದದ್ದು ಜನರಿಗೆ ಧೈರ್ಯ ತಂದಿತೆಂದು 1806ರ ದಾಖಲೆ ತಿಳಿಸುತ್ತದೆ. ಚಿತ್ರಕಾರ ಥಾಮಸ್ ಹಿಕಿ 1805ರಲ್ಲಿ ಬರೆದ ಮೂವರು ರಾಜಮನೆತನದ ಸ್ತ್ರೀಯರ ಚಿತ್ರ ಈ ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ್ದೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಅರಮನೆಯ ಈ ಸುದ್ದಿ ದಾಖಲಾಗುವ ಹೊತ್ತಿಗೆ ದೊಡ್ಡ ಸ್ವಾಮಿಯವರ ಲೆಕ್ಕ ಇಪ್ಪತ್ತೈದು ಸಾವಿರ ದಾಟಿ ಆಗಿತ್ತು.

ಗ್ರಂಥ ಮತ್ತು ವಿಷಾದ

ದುಬಾಯ್ ಅವರಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಹಿಂದೂಗಳ ಆಚಾರ, ವಿಚಾರ, ಸಂಪ್ರದಾಯಗಳನ್ನು ಕುರಿತ ಅವರ ಗ್ರಂಥ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿ ಶಿಫಾರಸು ಮಾಡಿದರು. 1807ರಲ್ಲಿ ಮದರಾಸು ಸರಕಾರ ಹಸ್ತಪ್ರತಿಯನ್ನು ಎರಡು ಸಾವಿರ ವರಹಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಅವರು ತಿದ್ದಿ ಬೆಳೆಸಿದ ಪ್ರತಿಯನ್ನು ಆಧರಿಸಿ 1897ರಲ್ಲಿ ಬೋಷಾಂಪ್ ಸಂಪಾದಿಸಿದ ಆವೃತ್ತಿ ಇಂದಿಗೂ ಓದುಗರ ಕೈಯಲ್ಲಿದೆ.

ಇಲ್ಲಿ ಸತ್ಯವನ್ನು ಮುಚ್ಚಿಡುವುದು ನಮಗೆ ತರವಲ್ಲ. ಗ್ರಂಥದ ಬಹುಭಾಗ ಅವರದೇ ಅಲ್ಲವೆಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ದುಬಾಯ್ ಅವರಿಗಿಂತ ಮೊದಲು ದಕ್ಷಿಣ ಭಾರತದಲ್ಲಿ ಸೇವೆ ಸಲ್ಲಿಸಿ 1779ರಲ್ಲಿ ತೀರಿಕೊಂಡ ಯೇಸುಸಭೆಯ ಗುರು ಕ್ಯೋರ್ದು ಅವರ ಬರಹವೇ ಅದಕ್ಕೆ ಆಧಾರ. ದುಬಾಯ್ ಅವರ ಹೆಸರನ್ನು ಹೇಳಲಿಲ್ಲ. ಅಲ್ಲದೆ ಆ ಗ್ರಂಥದಲ್ಲಿ ಈ ನಾಡಿನ ಜನರ ಬಗ್ಗೆ ಇರುವ ಕೆಲವು ಕಟು ಮಾತುಗಳನ್ನು ಇಂದು ಯಾರೂ ಒಪ್ಪಲಾರರು. ದೊಡ್ಡವರ ಬದುಕಿನಲ್ಲೂ ದೋಷಗಳಿರುತ್ತವೆ. ಅವನ್ನು ಹೇಳಿಯೇ ಅವರ ಒಳಿತನ್ನು ಹೇಳಬೇಕು.

1823ರ ಜನವರಿ 15ರಂದು, ಮೂವತ್ತು ವರ್ಷಗಳ ಸೇವೆಯ ನಂತರ, ಅವರು ಭಾರತ ಬಿಟ್ಟರು. ಈಸ್ಟ್ ಇಂಡಿಯಾ ಕಂಪೆನಿ ವಿಶೇಷ ಪಿಂಚಣಿ ನೀಡಿ ಕಳುಹಿಸಿಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಸಂಪುಟ ದೊಡ್ಡ ಗದ್ದಲವೆಬ್ಬಿಸಿತು. ಭಾರತದಲ್ಲಿ ಮತಪ್ರಸಾರದ ಕೆಲಸ ಫಲಿಸಲಿಲ್ಲ, ಮುಂದೆಯೂ ಫಲಿಸುವ ಆಸೆಯಿಲ್ಲ ಎಂಬುದು ಅವರ ವಾದ. ತಮ್ಮ ದುಡಿಮೆಯೂ ವ್ಯರ್ಥವಾಯಿತೆಂದೇ ಅವರು ಬಗೆದಿದ್ದರು. ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಪ್ರೊಟೆಸ್ಟಂಟ್ ಬೋಧಕರು ಮರುವರ್ಷವೇ ಅವರಿಗೆ ಉತ್ತರವಾಗಿ ಪುಸ್ತಕಗಳನ್ನು ಬರೆದರು.

ಆ ವಿಷಾದವನ್ನು ಓದುವಾಗ ನಮಗೆ ಆ ಇಪ್ಪತ್ತೈದು ಸಾವಿರ ಚಿಲ್ಲರೆ ಜನ ನೆನಪಾಗುತ್ತಾರೆ. ಅವರಲ್ಲಿ ಎಷ್ಟು ಮಂದಿ ಬದುಕಿ ಮದುವೆಯಾದರು, ಮಕ್ಕಳನ್ನು ಪಡೆದರು, ಆ ಮಕ್ಕಳ ಮಕ್ಕಳು ಈಗ ಯಾವ ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾರೆ ಎಂದು ಯಾರು ಹೇಳಬಲ್ಲರು? ರೋಗ ತಡೆಯುವವರ ಕೆಲಸದ ವಿಚಿತ್ರವೇ ಇದು. ಗುಣಪಡಿಸಿದ ವೈದ್ಯನಿಗೆ ಕೈಮುಗಿಯಲು ಒಬ್ಬ ರೋಗಿ ಇರುತ್ತಾನೆ. ಬಾರದೆ ಹೋದ ರೋಗಕ್ಕಾಗಿ ಕೈಮುಗಿಯಲು ಯಾರೂ ಬರುವುದಿಲ್ಲ. ತಾನು ಸೋತೆ ಎಂದುಕೊಂಡ ಗುರುವಿಗೆ ತನ್ನ ಗೆಲುವು ಕಾಣಿಸದೆ ಹೋದದ್ದು ಹೀಗೆಯೇ ಇರಬಹುದು.

ಪ್ಯಾರಿಸಿಗೆ ಮರಳಿದ ದುಬಾಯ್ ತಮ್ಮ ಸಂಸ್ಥೆಯ ನಿರ್ದೇಶಕರಲ್ಲಿ ಒಬ್ಬರಾದರು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ಭಾರತಕ್ಕೆ ಹೊರಡುವ ತರುಣ ಗುರುಗಳು ತಯಾರಾಗುತ್ತಿದ್ದುದು ಅದೇ ಮನೆಯಲ್ಲಿ. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. 1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೊನೆಯುಸಿರೆಳೆದರು.

ಸಿಡುಬು ಹೋದ ಮೇಲೆ

ಅವರು ಹಿಡಿದ ಸರಪಳಿಯ ಕೊನೆಯ ಕೊಂಡಿ ಬಹಳ ದೂರದಲ್ಲಿತ್ತು. ಲಸಿಕೆ ಹಾಕುವುದರ ಜೊತೆಗೆ ಹೊಸ ರೋಗಿಯನ್ನು ಹುಡುಕಿ, ಅವರ ಸುತ್ತಲಿನವರಿಗೆಲ್ಲ ಕೂಡಲೇ ಲಸಿಕೆ ಹಾಕಿ ರೋಗವನ್ನು ಸುತ್ತುಗಟ್ಟುವ ವಿಧಾನ 1970ರ ದಶಕದಲ್ಲಿ ಗೆಲುವು ತಂದಿತು. ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರ ಹಿಡಿದು ಮನೆಮನೆ ತಿರುಗಿದರು. ಭಾರತದ ಕೊನೆಯ ಪ್ರಕರಣ 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜಿನಲ್ಲಿ ಪತ್ತೆಯಾಯಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. ಮನುಷ್ಯರನ್ನು ಕಾಡಿದ ರೋಗಗಳಲ್ಲಿ ಪೂರ್ತಿಯಾಗಿ ಅಳಿದುಹೋದದ್ದು ಇಂದಿಗೂ ಇದೊಂದೇ.

ನಮ್ಮ ಯುವಜನರಿಗೆ ಒಂದು ಮಾತು

ಮತ್ತೆ ಆ ದಾರಿಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಬಯಲಿನಲ್ಲಿ ಸಿಡುಬಿಲ್ಲ. ಆದರೆ ಎಣಿಸಬೇಕಾದದ್ದು ಮುಗಿದಿಲ್ಲ. ಮಳೆಯಲ್ಲಿ ನೆನೆದ ತಂಬಾಕಿನ ಎಲೆ ಕೀಳುವ ಕೂಲಿಯವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುತ್ತದೆ. ಎಷ್ಟೋ ಮಂದಿ ಅದನ್ನು ಬಿಸಿಲಿನ ಆಯಾಸವೆಂದುಕೊಂಡು ಸುಮ್ಮನಾಗುತ್ತಾರೆ. ಕಾಡಂಚಿನ ಹಾಡಿಗಳ ಜೇನುಕುರುಬರು ಮತ್ತಿತರ ಆದಿವಾಸಿ ಕುಟುಂಬಗಳಲ್ಲಿ ರಕ್ತದ ಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇದೆ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ತೋರಿಸಿಕೊಟ್ಟದ್ದು ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಒಬ್ಬೊಬ್ಬರಾಗಿ ಪ್ರಶ್ನಿಸಿ. ಹಾಡಿಯಲ್ಲಿ ಮತ್ತು ಹೊಲದಲ್ಲಿ ಪ್ರಶ್ನೆ ಕೇಳುವವರೂ ಹಾಗೆಯೇ ಬೇಕು.

ನಮ್ಮ ಮನೆಗಳಲ್ಲಿ ಮಗ ಅಥವಾ ಮಗಳು ಡಾಕ್ಟರಾದರೆ ಊರಿನಲ್ಲೊಂದು ಕ್ಲಿನಿಕ್, ಅದಕ್ಕೊಂದು ಬೋರ್ಡು ಎಂಬ ಕನಸೇ ಹೆಚ್ಚು. ಸಾಂಕ್ರಾಮಿಕ ರೋಗತಜ್ಞರಿಗೆ ಬೋರ್ಡು ಇರುವುದಿಲ್ಲ, ಬಾಗಿಲಲ್ಲಿ ರೋಗಿಗಳ ಸಾಲೂ ಇರುವುದಿಲ್ಲ. ಆದರೆ ಈ ದಾರಿ ಡಾಕ್ಟರರಿಗೆ ಮಾತ್ರ ಮೀಸಲಲ್ಲ. ಎಂಬಿಬಿಎಸ್ ಮುಗಿಸಿದವರು ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಬಹುದು. ನರ್ಸಿಂಗ್, ದಂತವೈದ್ಯ, ಸಂಖ್ಯಾಶಾಸ್ತ್ರ, ಸಮಾಜಕಾರ್ಯ ಓದಿದವರಿಗೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯ ಬಾಗಿಲು ತೆರೆದಿದೆ. ಆಯಾ ಸಂಸ್ಥೆಯ ಅರ್ಹತೆಯ ನಿಯಮಗಳನ್ನು ನೋಡಿಕೊಳ್ಳಬೇಕು. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಇದಕ್ಕೆಂದೇ ಇರುವ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರದ ವಿಭಾಗವಿದೆ. ನಮಗೆ ಹತ್ತಿರದ ಮಣಿಪಾಲದಲ್ಲೂ ಸಾರ್ವಜನಿಕ ಆರೋಗ್ಯದ ಶಾಲೆಯಿದೆ. ಸಂಬಳ ದೊಡ್ಡ ಆಸ್ಪತ್ರೆಯ ತಜ್ಞರಷ್ಟು ಇರಲಾರದು ಎಂಬುದನ್ನೂ ನಾವು ಮುಚ್ಚಿಡುವುದಿಲ್ಲ.

ಐಸಿವೈಎಂ ಘಟಕಗಳು, ಧರ್ಮಶಿಕ್ಷಣದ ಶಿಕ್ಷಕರು ಮತ್ತು ಆರೋಗ್ಯ ಆಯೋಗದವರು ಪಿಯುಸಿ ಓದುವ ಮಕ್ಕಳ ಜೊತೆ ಈ ವಿಷಯ ಮಾತನಾಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಮುಂದಿನ ಸಲ ಮೈಸೂರಿಗೆ ಹೋದಾಗ ಸ್ವಲ್ಪ ಸಮಯ ಮಾಡಿಕೊಂಡು ಗಂಜಾಮಿನ ಆ ಹಳೆಯ ದೇವಾಲಯಕ್ಕೂ ಹೋಗಿ ಬನ್ನಿ. ಸೆರೆಯಲ್ಲಿ ಮಡಿದ ನಮ್ಮ ಹಿರಿಯರಿಗಾಗಿ ಅಲ್ಲಿ ಪ್ರಾರ್ಥಿಸುವಾಗ, ಘಟ್ಟದ ಮೇಲಿನ ಜನರ ಮಕ್ಕಳ ತೋಳು ಹಿಡಿದು ಎಂಟನೇ ದಿನ ಮತ್ತೆ ಬರಲು ಹೇಳುತ್ತಿದ್ದ ದೊಡ್ಡ ಸ್ವಾಮಿಯವರನ್ನೂ ನೆನೆಯಿರಿ.